ಉಪ್ಪಾಗೆಯ ಹುಳಿ ಮತ್ತು ರೋಹಿತದ ಓದು

ಜೋಯಿಡಾದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯು ಪೂರ್ವಕ್ಕೆ ದಾಂಡೇಲಿ, ಹಳಿಯಾಳ, ಮುಂಡಗೋಡಗಳೆಡೆಗೆ ಎಲೆಯುದುರುವ ಕಾಡು ಹೆಚ್ಚಿದಂತೆ ವಿರಳವಾಗುತ್ತದೆ. ಜನಪದರು ಇದನ್ನು ಮುರುಗಲಿನಿಂದ ಬೇರ್ಪಡಿಸಿಯೇ ಹೆಸರಿಸಿದ್ದಾರೆ. ವಿದ್ವಾಂಸರಲ್ಲಿ ಇಂತಹ ವಿವೇಚನೆ ತಡವಾಗಿ ಬಂದಿತು. ಇದರ ಹುಳಿಗೆ ಟಾರ್ಟಾರಿಕ್ ಹಾಗೂ ಸಿಟ್ರಿಕ್ ಆಮ್ಲಗಳೇ ಕಾರಣವೆಂದು ಮೊದಲು ಬಗೆಯಲಾಗಿತ್ತು. 1965ರಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ.ನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಎಂದು ತೋರಿಸಿದರು.

ಇಂದು ವಿದ್ಯಾರ್ಥಿಯೊಬ್ಬನು ಈ ಆಮ್ಲವನ್ನು ಭಾರಜಲದಲ್ಲಿ ಕರಗಿಸಿ ಬೈಜಿಕ ಕಾಂತೀಯ ಅನುರಣನ (ಎನ್.ಎಂ.ಆರ್.) ರೋಹಿತವನ್ನು ಪಡೆದರೂ ಹಳೆಯ ತಪ್ಪಿಗೆ ಹೊಸ ದಾರಿಗಳಿವೆ. ಅಣುವಿನ ಎಂಟು ಹೈಡ್ರೋಜನ್‌ಗಳಲ್ಲಿ ಐದು ಡ್ಯೂಟೇರಿಯಂನೊಡನೆ ಸ್ಥಾನ ಬದಲಿಸಿ ಮರೆಯಾಗುತ್ತವೆ. ಉಳಿಯುವ ಮೂರರಲ್ಲಿ ಎರಡು ಮೀಥಿಲೀನಿನವು. ಇವು ನಾಲ್ಕು ರೇಖೆಗಳಾಗಿ ಒಡೆಯುವುದನ್ನು ಕಂಡು ನಾಲ್ಕು ಬಗೆಯ ಹೈಡ್ರೋಜನ್ ಎಂದು ಎಣಿಸಬಾರದು. ಸಿಟ್ರಿಕ್ ಆಮ್ಲದಲ್ಲಿಯೂ ಇಂತಹವೇ ನಾಲ್ಕು ರೇಖೆಗಳು. ಎರಡನ್ನೂ ಬೇರ್ಪಡಿಸುವುದು ಮೂರನೆಯ ಹೈಡ್ರೋಜನ್ನಿನ ಒಂಟಿ ರೇಖೆ. 4.8 ಪಿಪಿಎಂ ಸುಮಾರಿನ ನೀರಿನ ಶೃಂಗವು ಅದನ್ನು ಮುಸುಕಿದರೆ ಉಪ್ಪಾಗೆ ಮತ್ತೆ ಸಿಟ್ರಿಕ್ ಆಗಿಬಿಡುತ್ತದೆ! ತಾಪ ಬದಲಾದಂತೆ ನೀರಿನ ಶೃಂಗ ಸರಿಯುವುದರಿಂದ ಇನ್ನೊಂದು ತಾಪದಲ್ಲಿಯೂ ರೋಹಿತ ತೆಗೆಯುವುದು ಉಚಿತ.

ದ್ರಾವಣವನ್ನು ಕಾಯಿಸಿ ಸಾಂದ್ರಗೊಳಿಸಿದಲ್ಲಿ ಆಮ್ಲದ ಒಂದಂಶ ಲ್ಯಾಕ್ಟೋನ್ ಆಗಿ ಎರಡನೆಯ ಶೃಂಗಸಮೂಹ ಮೂಡುತ್ತದೆ. ಅದನ್ನು ಬೇರೊಂದು ಹಣ್ಣಿನ ಬೆರಕೆ ಎನ್ನುವುದು, ಒಂದೇ ಕಥೆಯ ಎರಡು ಪಾಠಗಳನ್ನು ಎರಡು ಕಥೆಗಳೆಂದು ಎಣಿಸುವ ನಮ್ಮ ಕ್ಷೇತ್ರಕಾರ್ಯದ ತಪ್ಪಿನ ಜಾತಿಯದೇ. ಆದ್ದರಿಂದ ಮಾದರಿಯ ಚೀಟಿಯಲ್ಲಿ ಹಣ್ಣಿನ ಸ್ಥಳೀಯ ಹೆಸರಿನೊಡನೆ ಸಿಪ್ಪೆ ಒಣಗಿದ್ದು ಬಿಸಿಲಿನಲ್ಲೋ ಒಲೆಯ ಮೇಲಿನ ಹೊಗೆಯಲ್ಲೋ ಎಂಬುದನ್ನೂ ದಾಖಲಿಸಬೇಕು.