ನಿರಾಕರಿಸಿದವರು ಯಾರು?

ದಲಿತರ ಇಂಗ್ಲಿಷನ್ನು ಭಾಷಾಪ್ರೇಮದ ಸೇರಿನಲ್ಲಿ ಅಳೆಯುವುದು ಚರಿತ್ರೆಗೆ ಮಾಡುವ ಅಪಚಾರ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಮಹಾರ್ ಹುಡುಗನೊಬ್ಬ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅವನೊಬ್ಬ ಬಂದರೆ ಶಾಲೆ ಉಳಿದವರ ಉಪಯೋಗಕ್ಕೆ ಬಾರದು ಎಂಬುದು ಬಾಂಬೆ ಸರ್ಕಾರದ ವಾದ. ಸರ್ಕಾರಿ ಶಾಲೆ ಎಲ್ಲ ವರ್ಗದವರದು ಎಂದು ಕಂಪನಿಯ ನಿರ್ದೇಶಕರು ಹೇಳುವಷ್ಟರಲ್ಲಿ 1858 ಬಂದಿತ್ತು.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಜ್ಞಾನಕ್ಕಾಗಿ ಇಂಗ್ಲಿಷಿನ ಕಡೆ ನೋಡಿ ಎಂಬರ್ಥದ ಮಾತಾಡಿದರು. ನಾಡಿಗೆ ಕೇಳಿಸಿದ್ದು 'ಬೂಸಾ' ಒಂದೇ. ಅವರ ಮಂತ್ರಿಪದವಿ ಹೋಯಿತು, ಪ್ರಶ್ನೆ ಉಳಿಯಿತು.

ಚಿಕ್ಕಬಾಣಾವರದಲ್ಲಿ ನಾನು ಚರಿತ್ರೆ ಹೇಳುವ ಪದವಿ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ನಮ್ಮ ಹುಡುಗರಿದ್ದಾರೆ. ಗೊತ್ತಿಲ್ಲದ ಪದ ಡಿಕ್ಷನರಿಯಲ್ಲಿ ಸಿಗುತ್ತೆ ಬಿಡಿ. ತೊಡಕಿರುವುದು ಪ್ಯಾಸಿವ್ ವಾಯ್ಸಿನಲ್ಲಿ. ಧಾರವಾಡದ ಪ್ರಕರಣವನ್ನು 'ಅಡ್ಮಿಷನ್ ವಾಸ್ ರೆಫ್ಯೂಸ್ಡ್' ಎಂದು ಬರೆದರೆ ವಾಕ್ಯ ಸರಿ, ಮಾರ್ಕ್ಸೂ ಬರುತ್ತೆ. ನಿರಾಕರಿಸಿದವನು ಮಾತ್ರ ಮಾಯ. ನಮ್ಮ ಕಡತಗಳ 'ನಿರಾಕರಿಸಲಾಗಿದೆ'ಯೂ ಇದೇ ಜಾತಿಯದು. 'ಯಾರು ಸಾರ್ ರೆಫ್ಯೂಸ್ ಮಾಡಿದ್ದು?' ಎಂದು ಹುಡುಗರು ಕೇಳುವವರೆಗೆ ವ್ಯಾಕರಣದ ಪಾಠ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಧಾರವಾಡದ ಆ ಅರ್ಜಿಯ ಮೇಲಿನ ಪತ್ರವ್ಯವಹಾರ ನಡೆದದ್ದು ಇಂಗ್ಲಿಷಿನಲ್ಲಿ. ಅದನ್ನು ಓದುವ ಹಕ್ಕು ಮೊದಲು ಇವರದು.