‘ಅಪ್‌ಡೇಟ್’ ಎಂಬ ಆಂಗ್ಲ ಕ್ರಿಯಾಪದ: ಅರ್ಥ ಮತ್ತು ಪ್ರಯೋಗ

ಹಳತನ್ನು ಹೊಸತಾಗಿಸುವ ಅರ್ಥದ ಕ್ರಿಯಾಪದಗಳಿಗೆ ಆಂಗ್ಲಭಾಷೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಲ್ಯಾಟಿನ್ ಮೂಲದ ‘ಅಮೆಂಡ್’, ‘ರಿವೈಸ್’, ‘ರಿನೊವೇಟ್’ ಮೊದಲಾದವು ಶತಮಾನಗಳಿಂದ ಆ ಕಾರ್ಯವನ್ನು ನಿರ್ವಹಿಸುತ್ತ ಬಂದಿದ್ದರೂ, 1940ರ ದಶಕದಲ್ಲಿ ಬಳಕೆಗೆ ಬಂದ ‘ಅಪ್‌ಡೇಟ್’ ಎಂಬುದು ಅವೆಲ್ಲವನ್ನೂ ಹಿಂದಿಕ್ಕಿ, ಆಧಾರ್ ಕೇಂದ್ರದ ಸರತಿಯಲ್ಲಿ ನಿಂತ ಕನ್ನಡಿಗನ ಮಾತಿನಲ್ಲಿಯೂ ನೆಲೆಯೂರಿರುವುದು ವಿಚಾರಾರ್ಹವಾದ ಸಂಗತಿಯಾಗಿದೆ.

ಈ ಪದದ ಹುಟ್ಟು ಬಹುಶಃ ಲೆಕ್ಕಪತ್ರಗಳ ಲೋಕದ್ದು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ವರ್ತಕರು ಜಮಾಖರ್ಚನ್ನು ಆಯಾ ದಿನದವರೆಗೆ ಬರೆದು ಪೂರೈಸಿದ ಸ್ಥಿತಿಯನ್ನು ‘ಅಪ್ ಟು ಡೇಟ್’ ಎನ್ನುತ್ತಿದ್ದರು. ಆ ಪದಪುಂಜವೇ ಸಂಕೋಚಗೊಂಡು ಮುಂದೆ ಕ್ರಿಯಾಪದವಾಯಿತು. ‘ಡೇಟ್’ ಎಂಬುದರ ಚರಿತ್ರೆಯಾದರೋ ಇನ್ನೂ ಸ್ವಾರಸ್ಯಕರವಾದುದು. ರೋಮನರು ಪತ್ರದ ಕೊನೆಯಲ್ಲಿ, ಇಂಥ ಸ್ಥಳದಲ್ಲಿ ಇಂಥ ದಿನ ‘ಕೊಡಲ್ಪಟ್ಟುದು’ ಎಂಬರ್ಥದ ಲ್ಯಾಟಿನ್ ಕೃದಂತವನ್ನು ಬರೆಯುತ್ತಿದ್ದರು. ಆ ಕೃದಂತವೇ ಕಾಲಕ್ರಮದಲ್ಲಿ ದಿನಾಂಕವಾಚಿಯಾಯಿತು. ‘ಡೇಟಾ’ ಎಂಬ ಶಬ್ದವೂ ಅದೇ ಧಾತುವಿನದು. ಸಂಸ್ಕೃತದ ‘ದತ್ತ’ವು ಇವೆರಡರ ದಾಯಾದಿ. ಆದುದರಿಂದ ‘ದತ್ತಾಂಶ’ವೆಂಬ ಪದವನ್ನು ಟಂಕಿಸಿದ ನಮ್ಮವರು, ಅರ್ಥವನ್ನಷ್ಟೇ ಅಲ್ಲದೆ ವಂಶವನ್ನೂ ಉಳಿಸಿಕೊಂಡಂತಾಯಿತು.

ಸಮಾನಾರ್ಥಕಗಳೆಂದು ತೋರುವ ಪದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣವು ಈ ವ್ಯುತ್ಪತ್ತಿಯಲ್ಲಿಯೇ ಅಡಗಿದೆ. ‘ಅಮೆಂಡ್’ ಎಂಬುದರ ಮೂಲದಲ್ಲಿ ದೋಷವಾಚಕವಾದ ಲ್ಯಾಟಿನ್ ಶಬ್ದವಿದೆ. ‘ಅಪ್‌ಗ್ರೇಡ್’ ಎಂಬುದು ದರ್ಜೆಯನ್ನು ಏರಿಸುತ್ತದೆ. ‘ಅಪ್‌ಡೇಟ್’ ಆದರೋ ವಸ್ತುವಿನಲ್ಲಿ ದೋಷವನ್ನಾಗಲಿ ಕೀಳ್ಮೆಯನ್ನಾಗಲಿ ಆರೋಪಿಸದೆ, ಕಾಲವು ಮುಂದೆ ಸರಿದಿದೆಯೆಂಬುದನ್ನು ಮಾತ್ರ ಸೂಚಿಸುತ್ತದೆ. ಹಳೆಯ ಭೂಪಟವು ತಾನು ರಚಿತವಾದ ದಿನದ ಮಟ್ಟಿಗೆ ಸರಿಯಾಗಿಯೇ ಇದ್ದಿರಬಹುದು.

ಈ ಭೇದವು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಚರಿತ್ರೆಯಲ್ಲಿ ಕಣ್ಣಿಗೆ ಕಟ್ಟುವಂತಿದೆ. ಜೇಮ್ಸ್ ಮರೆಯವರ ಸಂಪಾದಕತ್ವದಲ್ಲಿ 1884ರಿಂದ ಸಂಚಿಕೆಗಳಾಗಿ ಹೊರಬರತೊಡಗಿ 1928ರಲ್ಲಿ ಮುಗಿದ ಆ ಮಹಾಕೃತಿಗೆ 1933ರಲ್ಲಿ ಒಂದು ಪುರವಣಿಯೂ, 1972ರಿಂದ 1986ರವರೆಗೆ ಬರ್ಚ್‌ಫೀಲ್ಡರ ನಾಲ್ಕು ಪುರವಣಿ ಸಂಪುಟಗಳೂ ಸೇರಿದವು. 1989ರ ಇಪ್ಪತ್ತು ಸಂಪುಟಗಳ ದ್ವಿತೀಯ ಆವೃತ್ತಿಯು ಹಳತು ಹೊಸತುಗಳನ್ನು ಒಂದೇ ಅನುಕ್ರಮದಲ್ಲಿ ಹೆಣೆದರೂ, ಮರೆಯವರ ಕಾಲದ ವಿವರಣೆಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು. ಅರ್ಥಾತ್, ನಿಘಂಟು ‘ಅಪ್‌ಡೇಟ್’ ಆಗಿತ್ತು, ‘ರಿವೈಸ್’ ಆಗಿರಲಿಲ್ಲ. ಮೂಲದ ಪ್ರತಿಯೊಂದು ನಮೂದನ್ನೂ ಪುನಃ ಪರಿಶೀಲಿಸಿದ ಪಾಠವು ಜಾಲದಲ್ಲಿ ಪ್ರಕಟವಾಗತೊಡಗಿದ್ದು 2000ನೆಯ ಇಸವಿಯಲ್ಲಿ, ಅದೂ ‘ಎಂ’ ಅಕ್ಷರದಿಂದ. ನಮ್ಮಲ್ಲಿ ಕಿಟ್ಟೆಲರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ನಾಲ್ಕು ಸಂಪುಟಗಳಲ್ಲಿ ಹೊರತಂದಾಗ, ‘ಪರಿಷ್ಕರಿಸಿ ವಿಸ್ತರಿಸಿದ್ದು’ ಎಂಬ ಎರಡು ಮಾತುಗಳನ್ನು ಮುಖಪುಟದಲ್ಲಿ ಬೇರೆ ಬೇರೆಯಾಗಿಯೇ ಹೇಳಿದರೆಂಬುದು ಗಮನಾರ್ಹ.

ಲೆಕ್ಕದ ಪುಸ್ತಕದಿಂದ ಗಣಕಯಂತ್ರಕ್ಕೆ ದಾಟಿದಾಗ ಈ ಕ್ರಿಯಾಪದದ ಅರ್ಥದಲ್ಲಿ ಒಂದು ಪಲ್ಲಟವುಂಟಾಯಿತು. ಇದು ಸಾಕಷ್ಟು ಪರಾಮರ್ಶೆಗೆ ಅರ್ಹವೆಂಬುದು ನನ್ನ ದೃಢವಾದ ಅಭಿಪ್ರಾಯ. ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಪಡಿಸಿದ ‘ಸೀಕ್ವೆಲ್’ ಭಾಷೆಯಿಂದ ಬೆಳೆದುಬಂದ ‘ಎಸ್‌ಕ್ಯೂಎಲ್’ನಲ್ಲಿ ‘ಅಪ್‌ಡೇಟ್’ ಒಂದು ಆಜ್ಞೆ. ಯಾವ ಕೋಷ್ಟಕ, ಯಾವ ಅಂಕಣಕ್ಕೆ ಯಾವ ಮೌಲ್ಯ, ಯಾವ ಸಾಲುಗಳಲ್ಲಿ ಎಂಬುದನ್ನು ತಿಳಿಸಿದೊಡನೆ ಹೊಸ ಮೌಲ್ಯವು ಹಳೆಯದರ ಸ್ಥಾನದಲ್ಲಿಯೇ ಕೂರುತ್ತದೆ. ಒಬ್ಬನ ವಿಳಾಸವನ್ನು ಬದಲಿಸುವಾಗ, ಸಾಲುಗಳನ್ನು ನಿರ್ದೇಶಿಸುವ ‘ವೇರ್’ ಎಂಬ ಉಪವಾಕ್ಯವನ್ನು ಬರೆಯಲು ಮರೆತರೆ, ಆ ಕೋಷ್ಟಕದ ಎಲ್ಲರ ವಿಳಾಸವೂ ಒಂದೇ ಆಗಿಬಿಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಸಾಲು ಅಳಿಯದೆ ಅದರ ಕೆಳಗೆ ಹೊಸ ಸಾಲು ಸೇರುತ್ತಿತ್ತು. ಸೇರಿಸುವ ಕ್ರಿಯೆಗೂ ಅಳಿಸಿ ಬರೆಯುವ ಕ್ರಿಯೆಗೂ ಹೀಗೆ ಒಂದೇ ಹೆಸರು ಬಿದ್ದಿತು.

ಕನ್ನಡದ ಆಡುನುಡಿಯು ತನ್ನವೇ ಕ್ರಿಯಾಪದಗಳನ್ನು ಬಳಸುವಾಗ ಇವೆರಡನ್ನು ಕಲೆಸುವುದಿಲ್ಲ. ಬ್ಯಾಂಕಿಗೆ ಹೋದವರು ಪಾಸ್‌ಬುಕ್ಕಿಗೆ ‘ಎಂಟ್ರಿ ಹಾಕಿಸುತ್ತಾರೆ’, ವಿಳಾಸವನ್ನು ‘ಬದಲಾಯಿಸುತ್ತಾರೆ’, ಹೆಸರಿನ ಕಾಗುಣಿತವನ್ನು ‘ತಿದ್ದಿಸುತ್ತಾರೆ’. ಬರೆಹದ ಕನ್ನಡವಾದರೋ ಈ ಮೂರಕ್ಕೂ ‘ನವೀಕರಣ’ವೆಂಬ ಒಂದೇ ಶಬ್ದವನ್ನು ಹೊದಿಸುತ್ತಿದೆ. ಚಾಲನಾ ಪರವಾನಗಿಯ ನವೀಕರಣವೆಂದರೆ ಅದರ ಅವಧಿಯ ವಿಸ್ತರಣೆ. ಅದರಲ್ಲಿನ ವಿಳಾಸದ ಬದಲಾವಣೆ ಬೇರೆಯೇ ಕಾರ್ಯ. ಇವೆರಡಕ್ಕೂ ಒಂದೇ ಪದವಾದರೆ ಓದುವವನು ಯಾವುದನ್ನು ಗ್ರಹಿಸಬೇಕು? ಅವಧಿಗೆ ‘ನವೀಕರಣ’ವನ್ನೂ, ಪಾಠಕ್ಕೆ ‘ಪರಿಷ್ಕರಣ’ವನ್ನೂ, ಮಾಹಿತಿಗೆ ‘ಕಾಲೋಚಿತಗೊಳಿಸು’ ಎಂಬುದನ್ನೂ ಮೀಸಲಿರಿಸುವುದು ಯುಕ್ತ. ಈ ವಿಷಯದಲ್ಲಿ ಕಂದಾಯ ಇಲಾಖೆಯ ಹಳೆಯ ಪರಿಭಾಷೆಯು ಅನುಕರಣೀಯವಾಗಿದೆ: ‘ಖಾತೆ ಬದಲಾವಣೆ’ಯಾದಾಗ ಪಹಣಿಯಲ್ಲಿ ಹಿಂದಿನವನ ಹೆಸರು ಹೋಗಿ ಹೊಸಬನ ಹೆಸರು ಬರುತ್ತದೆ, ಪಕ್ಕದಲ್ಲಿ ನಮೂದಾದ ಎಂ.ಆರ್. ಸಂಖ್ಯೆಯನ್ನು ಹಿಡಿದು ಹುಡುಕಿದರೆ, ಭೂಮಿ ಯಾರಿಂದ ಯಾರಿಗೆ ಯಾವ ಆಧಾರದ ಮೇಲೆ ಸಂದಿತೆಂಬುದು ಮ್ಯುಟೇಶನ್ ರಿಜಿಸ್ಟರಿನಲ್ಲಿ ದೊರೆಯುತ್ತದೆ.