ವಿಳಾಸವಿಲ್ಲದ ಒಲೆ

ಡೊಂಬಿವಲಿಯ ಪೂರ್ವಕ್ಕೆ ಕಲ್ಯಾಣ–ಶಿಳ್ ರಸ್ತೆಯ ಎರಡೂ ಬದಿಗೆ ಮುಗಿಲೆತ್ತರದ ಕಟ್ಟಡಗಳು ಏಳುತ್ತಲೇ ಇರುತ್ತವೆ. ಅವುಗಳ ಬುಡದಲ್ಲಿ ತಗಡು, ಬಿದಿರು, ತಾಡಪತ್ರಿಯ ಗುಡಾರಗಳು. ಕಟ್ಟಡ ಮುಗಿದಾಗ ಗುಡಾರವೂ ಎದ್ದು ಟೆಂಪೋ ಹತ್ತಿ ಇನ್ನೊಂದು ಸೈಟಿಗೆ ಹೋಗುತ್ತದೆ. ಯುರೋಪು, ಅಮೆರಿಕಗಳಲ್ಲಿ ಚಕ್ರದ ಮೇಲಿನ ಮನೆಗೆ ಮೊಬೈಲ್ ಹೋಮ್ ಎನ್ನುತ್ತಾರೆ. ನಮ್ಮಲ್ಲಿ ಊರಿಂದೂರಿಗೆ ಹೋಗುವ ಮನೆ ಎಂದರೆ ಇದೇ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು, ಮರಾಠವಾಡದವರು, ಬಿಹಾರದವರು ಇಲ್ಲಿ ಅಕ್ಕಪಕ್ಕದಲ್ಲೇ ಅಡುಗೆ ಮಾಡುತ್ತಾರೆ.

ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಇಂಥ ಕಡೆ ಕೇಳಿಬರುವ ಮಾತು ಒಂದೇ: "ಗ್ಯಾಸ್ ತೀರೇದ." ಒಲೆ ಮಿಣಮಿಣ ಅನ್ನುತ್ತಿರುತ್ತದೆ. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುವುದು ಮಾತ್ರ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಾಗಾದರೆ ಉರಿ ಏಕೆ ಸತ್ತಿತು? ಇದಕ್ಕೆ ವಿಜ್ಞಾನದ ಉತ್ತರವೊಂದಿದೆ, ಇತಿಹಾಸದ ಉತ್ತರವೊಂದಿದೆ. ಗುಡಾರದ ಮೂಲೆಯಲ್ಲಿರುವ ಎರಡು–ಮೂರು ಕಿಲೋದ ಪುಟ್ಟ ಸಿಲಿಂಡರಿನಲ್ಲಿ ಎರಡೂ ಸೇರಿಕೊಂಡಿವೆ.

ಕೊಳವೆಯಿಂದ ಬಿಡಿಸಿಕೊಂಡ ಬೆಂಕಿ

ಮುಂಬಯಿಗೆ ಗ್ಯಾಸ್ ಹೊಸದಲ್ಲ. ಬಾಂಬೆ ಗ್ಯಾಸ್ ಕಂಪನಿ ಕಲ್ಲಿದ್ದಲಿನಿಂದ ತೆಗೆದ ಅನಿಲದಿಂದ 1865ರಲ್ಲೇ ನಗರದ ಬೀದಿದೀಪಗಳು ಬೆಳಗಿದ್ದವು. ಆದರೆ ಅದು ಕೊಳವೆಯ ಗ್ಯಾಸ್. ಕೊಳವೆ ಎಲ್ಲಿಯವರೆಗೆ ಹೋಗುತ್ತದೋ ಬೆಂಕಿಯೂ ಅಲ್ಲಿಯವರೆಗೆ ಮಾತ್ರ.

ಇದನ್ನು ಬದಲಿಸಿದ್ದು ಟ್ರಾಂಬೆಯ ಎರಡು ತೈಲ ಸಂಸ್ಕರಣಾಗಾರಗಳು. ಸ್ಟಾನ್‌ವ್ಯಾಕ್ ಕಂಪನಿಯದು 1954ರಲ್ಲಿ, ಬರ್ಮಾ ಶೆಲ್‌ನದು 1955ರಲ್ಲಿ ಆರಂಭವಾದವು. ಕಚ್ಚಾ ತೈಲವನ್ನು ಸಂಸ್ಕರಿಸುವಾಗ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳೂ ಸಿಗುತ್ತವೆ. ಇವುಗಳ ಗುಣ ವಿಶೇಷವಾದದ್ದು: ಸ್ವಲ್ಪ ಒತ್ತಿದರೆ ಸಾಕು, ದ್ರವವಾಗುತ್ತವೆ. ಒಂದು ಲೀಟರ್ ದ್ರವ ಹೊರಬಂದಾಗ ಸುಮಾರು 250 ಲೀಟರ್ ಅನಿಲವಾಗಿ ಹರಡಿಕೊಳ್ಳುತ್ತದೆ. ಅಂದರೆ ಒಂದು ಮನೆಯ ತಿಂಗಳ ಬೆಂಕಿಯನ್ನು ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ಮಹಡಿ ಹತ್ತಬಹುದು. ಬರ್ಮಾ ಶೆಲ್ 1955ರಲ್ಲಿ ಮುಂಬಯಿಯಲ್ಲಿ 'ಬರ್ಶೇನ್' ಹೆಸರಿನಲ್ಲಿ ಇದನ್ನು ಮಾರಲು ತೊಡಗಿತು. ಸರಕಾರಿ ಒಡೆತನದ ಇಂಡಿಯನ್ ಆಯಿಲ್‌ನ 'ಇಂಡೇನ್' ಹತ್ತು ವರ್ಷಗಳ ನಂತರ, 1965ರ ಅಕ್ಟೋಬರ್‌ನಲ್ಲಿ, ಕೋಲ್ಕತ್ತಾದಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ವಿದೇಶಿ ಕಂಪನಿಗಳು ರಾಷ್ಟ್ರೀಕರಣಗೊಂಡು ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಬರ್ಶೇನ್ ಭಾರತ್ ಗ್ಯಾಸ್ ಆಯಿತು.

ಕಾಗದಕ್ಕೆ ಕಟ್ಟಿದ ಸಿಲಿಂಡರ್

ಹೀಗೆ ಎಲ್ಲಿಗೆ ಬೇಕಾದರೂ ಹೋಗಬಲ್ಲ ವಸ್ತುವೊಂದು ಸಿಕ್ಕಿತು. ಅದರ ಪರವಾನಗಿ ಮಾತ್ರ ಮನೆಗೆ ಅಂಟಿಕೊಂಡಿತು. ಸಿಲಿಂಡರ್ ಗ್ರಾಹಕನದಲ್ಲ, ಕಂಪನಿಯದು. ಠೇವಣಿ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಸಬ್‌ಸ್ಕ್ರಿಪ್ಷನ್ ವೋಚರ್ ಎಂಬ ಕಾಗದ ಕೊಡುತ್ತಾರೆ. ಆ ಕಾಗದಕ್ಕೆ ವಿಳಾಸ ಬೇಕು. ಆಗ ವಿಳಾಸಕ್ಕೆ ರೇಷನ್ ಕಾರ್ಡು ಬೇಕಿತ್ತು. ರೇಷನ್ ಕಾರ್ಡಿಗೆ ಸ್ವಂತ ಮನೆಯೋ, ಮನೆಮಾಲೀಕನ ಒಪ್ಪಿಗೆಯೋ ಬೇಕಿತ್ತು.

ಡೊಂಬಿವಲಿ ಬೆಳೆದ ಕಾಲವೂ ಇದೇ. ಅರುವತ್ತರ ದಶಕದಲ್ಲಿ ಇಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂತು. ಮುಂಬಯಿಯಲ್ಲಿ ಕೋಣೆ ಸಿಗದ ಗುಮಾಸ್ತರು, ಮಿಲ್ಲಿನವರು, ಹೋಟೆಲಿನವರು ಲೋಕಲ್ ಟ್ರೇನ್ ನಂಬಿ ಇಲ್ಲಿ ಬೀಡುಬಿಟ್ಟರು. ದಕ್ಷಿಣ ಕನ್ನಡದಿಂದ, ಉಡುಪಿಯಿಂದ, ಧಾರವಾಡ–ಬೆಳಗಾವಿಗಳಿಂದ ಬಂದ ಕನ್ನಡಿಗರೂ ಅವರಲ್ಲಿದ್ದರು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು ಆಗ ಸಾಮಾನ್ಯ. ಸಂಸದರ ಕೈಯಲ್ಲಿ ಗ್ಯಾಸ್ ಕನೆಕ್ಷನ್ ಕೂಪನ್ನುಗಳಿರುತ್ತಿದ್ದವು. ಅದಕ್ಕಾಗಿ ಶಿಫಾರಸು ಹಿಡಿಯುವುದು ಒಂದು ಕಲೆಯೇ ಆಗಿತ್ತು. ಅಲ್ಲಿಯವರೆಗೆ ಪಂಪ್ ಸ್ಟವ್, ಬತ್ತಿ ಸ್ಟವ್, ರೇಷನ್ ಅಂಗಡಿಯ ಮುಂದೆ ಡಬ್ಬ ಇಟ್ಟು ಚಿಮಣಿ ಎಣ್ಣೆಗೆ ಸಾಲು. ಗ್ಯಾಸ್ ಬಂದ ಮನೆಯ ರೇಷನ್ ಕಾರ್ಡಿನ ಮೇಲೆ ಮುದ್ರೆ ಬೀಳುತ್ತಿತ್ತು, ಎಣ್ಣೆಯ ಪಾಲು ಕಡಿಮೆಯಾಗುತ್ತಿತ್ತು.

1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕಿತು. ಮುಂದೆ ನವಿ ಮುಂಬಯಿಯ ಪಕ್ಕದ ಉರಣ್‌ನಲ್ಲಿ ಅದರ ಅನಿಲದಿಂದ ಎಲ್‌ಪಿಜಿ ಬೇರ್ಪಡಿಸುವ ಕೆಲಸ ನಡೆಯಿತು. 1993ರಲ್ಲಿ ಖಾಸಗಿಯವರಿಗೂ ಎಲ್‌ಪಿಜಿ ಆಮದು ಮಾಡಿ ಮಾರಲು ಅನುಮತಿ ಸಿಕ್ಕಿತು. 1995ರಲ್ಲಿ ಮಹಾನಗರ ಗ್ಯಾಸ್ ಸ್ಥಾಪನೆಯಾಗಿ, ಕೊಳವೆಯ ಗ್ಯಾಸ್ ಮುಂಬಯಿಯಿಂದ ಕ್ರಮೇಣ ಠಾಣೆ, ನವಿ ಮುಂಬಯಿ, ಕಲ್ಯಾಣ, ಡೊಂಬಿವಲಿಗೂ ಬಂತು. ಕಾಯುವ ಪಟ್ಟಿ ಕರಗಿತು. ವಿಳಾಸವಿದ್ದವರ ಪಾಲಿಗೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತದೆ.

ವಿಳಾಸವಿಲ್ಲದವರು ಬೇರೆ ದಾರಿ ಹುಡುಕಿಕೊಂಡರು. ಒಲೆ ರಿಪೇರಿಯ, ಪಾತ್ರೆಯ ಅಂಗಡಿಗಳಲ್ಲಿ ಪುಟ್ಟ ಸಿಲಿಂಡರ್ ಸಿಗುತ್ತದೆ. ಅದರ ತಲೆಯ ಮೇಲೇ ಬರ್ನರ್. ಮುಗಿದಾಗ ಅಂಗಡಿಯವನು ದೊಡ್ಡ ಸಿಲಿಂಡರಿನಿಂದ ಒಂದು ನಳಿಗೆ ಹಾಕಿ ಕಿಲೋ ಲೆಕ್ಕದಲ್ಲಿ ತುಂಬಿಕೊಡುತ್ತಾನೆ. ಇದು ಕಾನೂನುಬಾಹಿರ, ಪರವಾನಗಿ ಪಡೆದ ಘಟಕದಲ್ಲಿ ಮಾತ್ರ ಸಿಲಿಂಡರ್ ತುಂಬಬೇಕು. ಆದರೆ ದಿನಗೂಲಿಯವನಿಗೆ ಅಂದಿನ ಕೂಲಿಯಲ್ಲಿ ಒಂದು ಕಿಲೋ ಕೊಳ್ಳಲು ಸಿಗುವುದು ಅಲ್ಲೇ.

ಚಳಿಯಲ್ಲಿ ಒಳಗೇನಾಗುತ್ತದೆ

ಸಿಲಿಂಡರಿನೊಳಗಿನ ದ್ರವ ಕುದಿದು ಅನಿಲವಾದರೆ ಮಾತ್ರ ಒಲೆಗೆ ಬರುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ. ನಮ್ಮ ಸಿಲಿಂಡರಿನಲ್ಲಿರುವುದು ಇವೆರಡರ ಮಿಶ್ರಣ. 30 ಡಿಗ್ರಿ ಬಿಸಿಯಿದ್ದಾಗ ಬರೀ ಬ್ಯೂಟೇನಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 2.8 ಪಟ್ಟು. 15 ಡಿಗ್ರಿಗೆ ಇಳಿದರೆ ಸುಮಾರು 1.8 ಪಟ್ಟು. ಅಂದರೆ ಅನಿಲವನ್ನು ಹೊರಗೆ ತಳ್ಳುವ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಮಿಶ್ರಣದಲ್ಲಿ ಪ್ರೊಪೇನ್ ಬೇಗ ಆವಿಯಾಗಿ ಮೊದಲು ಹೊರಡುತ್ತದೆ, ತಳದಲ್ಲಿ ಬ್ಯೂಟೇನಿನ ಪಾಲು ಹೆಚ್ಚುತ್ತ ಹೋಗುತ್ತದೆ. ಹಾಗಾಗಿ ಕೊನೆಯ ಗ್ಯಾಸ್ ಯಾವಾಗಲೂ ಸೋಮಾರಿ.

ಇನ್ನೊಂದು ಸಂಗತಿ. ಆವಿಯಾಗಲು ಶಾಖ ಬೇಕು. ಒಂದು ಕಿಲೋ ಎಲ್‌ಪಿಜಿ ಆವಿಯಾಗುವಾಗ ನಾಲ್ಕೈದು ಲೀಟರ್ ನೀರನ್ನು 20 ಡಿಗ್ರಿಯಷ್ಟು ತಂಪಾಗಿಸುವಷ್ಟು ಶಾಖ ಹೀರುತ್ತದೆ. ಆ ಶಾಖ ಬರಬೇಕಾದದ್ದು ಉಳಿದ ದ್ರವದಿಂದ, ಕಬ್ಬಿಣದ ಗೋಡೆಯಿಂದ, ಸುತ್ತಲಿನ ಗಾಳಿಯಿಂದ. 14.2 ಕಿಲೋದ ಮನೆ ಸಿಲಿಂಡರಿಗೆ ದೊಡ್ಡ ಮೈಯಿದೆ, ತಡೆದುಕೊಳ್ಳುತ್ತದೆ. ಎರಡು ಕಿಲೋದ್ದರ ಮೇಲೆ ಹತ್ತು ಜನರ ಅನ್ನದ ಪಾತ್ರೆ ಇಟ್ಟು ಉರಿ ದೊಡ್ಡದು ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಮೈ ಬೆವೆತು, ತಣ್ಣಗಾಗಿ, ಉರಿ ಕುಗ್ಗುತ್ತದೆ. ಮನೆಯ ಸಿಲಿಂಡರಿಗೆ ರೆಗ್ಯುಲೇಟರ್ ಇರುವುದರಿಂದ ಒಳಗಿನ ಒತ್ತಡ ಏರಿಳಿದರೂ ಒಲೆಗೆ ಹೋಗುವುದು ಒಂದೇ ಸಮ. ತಲೆಯ ಮೇಲೇ ಬರ್ನರ್ ಇರುವ ಪುಟ್ಟ ಸಿಲಿಂಡರಿಗೆ ಅಂಥದ್ದೇನೂ ಇಲ್ಲ. ಚಳಿ ನೇರವಾಗಿ ಉರಿಯಲ್ಲೇ ಕಾಣುತ್ತದೆ.

ಚಳಿ ದೇಶದವರು ಇದಕ್ಕೆ ಸರಳ ಉಪಾಯ ಕಂಡುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಕ್ಯಾಲರ್ ಕಂಪನಿಯ ನೀಲಿ ಸಿಲಿಂಡರ್ ಬ್ಯೂಟೇನ್, ಕೆಂಪು ಸಿಲಿಂಡರ್ ಪ್ರೊಪೇನ್. ಚಕ್ರದ ಮನೆಯಲ್ಲಿ ಚಳಿಗಾಲ ಕಳೆಯುವವರು ಕೆಂಪನ್ನು ಇಟ್ಟುಕೊಳ್ಳುತ್ತಾರೆ. ಕಲ್ಯಾಣದ ಗುಡಾರದವನಿಗೆ ಬಣ್ಣ ಆರಿಸುವ ಅವಕಾಶವಿಲ್ಲ. ಅವನು ಮಾಡುವುದು ಕೈಗೆ ಸಿಕ್ಕ ಉಪಾಯ: ಸಿಲಿಂಡರನ್ನು ಬಿಸಿನೀರಿನ ಬೋಗುಣಿಯಲ್ಲಿಡುವುದು, ಬೆಂಕಿಯ ಹತ್ತಿರ ಸರಿಸುವುದು, ಓರೆ ಮಾಡುವುದು.

ಮೂರೂ ಅಪಾಯ. ಕಂಪನಿಯ ಘಟಕದಲ್ಲಿ ತೂಕ ನೋಡಿ ತುಂಬುತ್ತಾರೆ, ದ್ರವ ಹಿಗ್ಗಲು ಮೇಲೆ ಜಾಗ ಬಿಡುತ್ತಾರೆ. ಅಂದಾಜಿನಲ್ಲಿ ಕಂಠಮಟ್ಟ ತುಂಬಿದ ಸಿಲಿಂಡರ್ ಬಿಸಿಯಾದರೆ ದ್ರವಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಓರೆ ಮಾಡಿದರೆ ಅನಿಲದ ಬದಲು ದ್ರವವೇ ಬರ್ನರಿಗೆ ನುಗ್ಗಿ ಉರಿ ಆಳೆತ್ತರ ಏಳುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಮಕ್ಕಳು ಮಲಗುವ ನೆಲದಲ್ಲೇ ನಿಲ್ಲುತ್ತದೆ. ಚಳಿಗೆಂದು ತಾಡಪತ್ರಿಯನ್ನು ನಾಲ್ಕೂ ಕಡೆ ಬಿಗಿದು ಒಲೆ ಹಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವ ಭಯ ಬೇರೆ.

ಸುರಕ್ಷಿತ ದಾರಿಗಳು ಅಷ್ಟು ಚಮತ್ಕಾರದವಲ್ಲ. ಸಿಲಿಂಡರ್ ನೆಟ್ಟಗಿರಲಿ, ಸುತ್ತ ಗಾಳಿಯಾಡಲಿ. ಬೆವೆತ ಮೈಯನ್ನು ಒಣಬಟ್ಟೆಯಿಂದ ಒರೆಸಿ, ಉರಿ ಸಣ್ಣದು ಮಾಡಿ. ನಿಧಾನವಾಗಿ ಎಳೆದರೆ ಅದು ಅಷ್ಟು ಬೇಗ ತಣ್ಣಗಾಗದು. ಬೇಳೆ ರಾತ್ರಿಯೇ ನೆನೆಯಲಿ, ಪಾತ್ರೆಗೆ ಮುಚ್ಚಳವಿರಲಿ. ಉರಿ ಕುಗ್ಗಿದರೆ ಸ್ವಲ್ಪ ಹೊತ್ತು ಆರಿಸಿ ಬಿಟ್ಟರೆ ಸಿಲಿಂಡರ್ ತಾನೇ ಚೇತರಿಸಿಕೊಳ್ಳುತ್ತದೆ. ಒಂದು ಕಡೆಯ ತಾಡಪತ್ರಿ ಎತ್ತಿರಲಿ, ಚಳಿಯಾದರೂ ಸರಿ.

ವ್ಯಕ್ತಿಗೆ ಸಿಕ್ಕ ಗ್ಯಾಸ್

ವಿಳಾಸದ ಗಂಟು ಸಡಿಲವಾಗತೊಡಗಿದ್ದು ತೀರಾ ಈಚೆಗೆ. 2013ರ ಅಕ್ಟೋಬರ್‌ನಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದ ವೀರಪ್ಪ ಮೊಯಿಲಿಯವರು ಪೆಟ್ರೋಲ್ ಪಂಪಿನಲ್ಲಿ 5 ಕಿಲೋ ಸಿಲಿಂಡರ್ ಮಾರುವ ಯೋಜನೆಗೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟರು. ಮೊದಲ ನಗರಗಳಲ್ಲಿ ಮುಂಬಯಿಯೂ ಇತ್ತು. ಗುರುತಿನ ಚೀಟಿ ತೋರಿಸಿದರೆ ಸಾಕು, ಮನೆಯ ಪುರಾವೆ ಬೇಡ. 2020ರಲ್ಲಿ ಇಂಡೇನ್ ಇದಕ್ಕೆ 'ಛೋಟು' ಎಂದು ಹೆಸರಿಟ್ಟಿತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಕನೆಕ್ಷನ್ ಮುಟ್ಟಿತು. ಆದರೆ ಊರಿನ ವಿಳಾಸಕ್ಕೆ ಸಿಕ್ಕ ಸಿಲಿಂಡರ್ ಊರಲ್ಲೇ ಉಳಿಯುತ್ತದೆ. ಅದರ ಒಡತಿ ವರ್ಷದ ಎಂಟು ತಿಂಗಳು ಕಲ್ಯಾಣದಲ್ಲಿ ಇಟ್ಟಿಗೆ ಹೊರುತ್ತಿರಬಹುದು. 2021ರ ಆಗಸ್ಟ್ 10ರಂದು ಬಂದ ಉಜ್ವಲಾ ಎರಡನೇ ಹಂತದಲ್ಲಿ ವಲಸಿಗರು ವಿಳಾಸಕ್ಕೆ ಸ್ವಯಂಘೋಷಣೆ ಕೊಟ್ಟರೆ ಸಾಕು ಎಂದಾಯಿತು. ಮೊದಲ ಬರ್ಶೇನ್ ಸಿಲಿಂಡರಿನಿಂದ ಈ ಒಂದು ಸಾಲಿನವರೆಗೆ 66 ವರ್ಷ.

ಊರಿಗೆ ಹೋಗುವಾಗ ಸಿಲಿಂಡರ್ ಜೊತೆಗೆ ಒಯ್ಯಬಹುದೇ ಎಂಬ ಪ್ರಶ್ನೆಯೂ ಉಂಟು. ರೈಲಿನಲ್ಲಿ ಖಂಡಿತ ಆಗದು. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಒಬ್ಬರು ಚಹಾ ಮಾಡಲು ಹಚ್ಚಿದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ಕಾಗದದ ಸಿಲಿಂಡರ್ ಇದ್ದವರು ಅದನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ವೋಚರ್ ಪಡೆದು, ಹೊಸ ಊರಿನಲ್ಲಿ ಮತ್ತೆ ತೆಗೆದುಕೊಳ್ಳುತ್ತಾರೆ. ಕಾಗದವಿಲ್ಲದ ಪುಟ್ಟ ಸಿಲಿಂಡರನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಅದು ಬಟ್ಟೆಗಂಟಿನೊಳಗೆ ಅಡಗಿ ಪ್ರಯಾಣ ಮಾಡುತ್ತದೆ.

5 ಕಿಲೋ ಸಿಲಿಂಡರ್ ಪಂಪಿನಲ್ಲಿ ಸಿಗುವಾಗಲೂ ನಳಿಗೆಯ ಅಂಗಡಿ ಏಕೆ ಮುಚ್ಚಿಲ್ಲ? ಅಲ್ಲಿ ಮೊದಲು ಸಿಲಿಂಡರಿನ ಹಣ ಕಟ್ಟಬೇಕು, ಗ್ಯಾಸಿಗೆ ಮಾರುಕಟ್ಟೆಯ ದರ ಕೊಡಬೇಕು, ಐದೂ ಕಿಲೋ ಒಟ್ಟಿಗೆ ಕೊಳ್ಳಬೇಕು. ವಿಳಾಸದ ಅಡ್ಡಿ ಹೋದಲ್ಲಿ ಒಟ್ಟಿಗೆ ಕಟ್ಟಬೇಕಾದ ಹಣದ ಅಡ್ಡಿ ನಿಂತಿದೆ. ಆ ಹಣವನ್ನು ಕಂತಿನಲ್ಲಿ ಕಟ್ಟಿಸಿಕೊಂಡರೆ, ಅಥವಾ ಗುತ್ತಿಗೆದಾರನೇ ಸೈಟಿನ ಲೆಕ್ಕದಲ್ಲಿ ಕಂಪನಿಯ ಸಿಲಿಂಡರ್, ರೆಗ್ಯುಲೇಟರ್, ಒಲೆ ಕೊಡಿಸಿದರೆ ಬೆಳಗಿನ ಜಾವದ ಬಿಸಿನೀರಿನ ಬೋಗುಣಿ ಬೇಕಾಗುವುದಿಲ್ಲ. ಇದೇ ಕೂಲಿಯವರು ಮೇಲೆ ಕಟ್ಟುತ್ತಿರುವ ಪ್ರತಿ ಅಡುಗೆಮನೆಗೂ ಗ್ಯಾಸಿನ ಕೊಳವೆ ಬರುತ್ತದೆ. ಅದರ ಖರ್ಚು ಮನೆಯ ಬೆಲೆಯಲ್ಲೇ ಸೇರಿಕೊಂಡಿರುತ್ತದೆ. ಕೆಳಗಿನ ಗುಡಾರದ ಒಲೆಯ ಖರ್ಚನ್ನೂ ಅದೇ ಲೆಕ್ಕದಲ್ಲಿ ಬರೆಯುವುದು ದೊಡ್ಡ ಮಾತೇನಲ್ಲ.